ನಾಲ್ಕು ಮೂಲೆಗೂ ಅರಿಶಿನ

ನಮ್ಮ ಮನೆಯಲ್ಲಿ ಕಾಗದಪತ್ರದ ಖಾತೆ ನನ್ನದು. ರೇಷನ್ ಕಾರ್ಡು, ಗ್ಯಾಸಿನ ಪುಸ್ತಕ, ಮನೆ ಕಂದಾಯದ ರಸೀದಿ, ಅತ್ತೆಯವರ ಕಣ್ಣಿನ ಆಪರೇಷನ್ ಚೀಟಿ, ಮದುವೆಯಲ್ಲಿ ಬಂದ ಮಿಕ್ಸಿಯ ಗ್ಯಾರಂಟಿ ಕಾರ್ಡು, ಎಲ್ಲವೂ ದೇವರ ಮನೆಯ ತಗಡಿನ ಪೆಟ್ಟಿಗೆಯಲ್ಲಿ ಭದ್ರವಾಗಿವೆ. ಮಿಕ್ಸಿ ಕೆಟ್ಟು ಎಂಟು ವರ್ಷವಾಯಿತು. ಗ್ಯಾರಂಟಿ ಕಾರ್ಡು ಮಾತ್ರ ಹೊಸದರಂತಿದೆ. ಮದುವೆಯಾಗಿ ಬಂದ ಹದಿನಾಲ್ಕು ವರ್ಷದಲ್ಲಿ ಒಂದೇ ಒಂದು ಕಾಗದ ನನ್ನ ಕೈಯಿಂದ ಕಳೆದುಹೋಗಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ಜಂಬ ಪಡುವಂಥದ್ದು ಏನೂ ಬರುವುದಿಲ್ಲವಾದ್ದರಿಂದ ಇಲ್ಲೇ ಹೇಳಿ ಮುಗಿಸುತ್ತಿದ್ದೇನೆ.

ನಮ್ಮ ಯಜಮಾನರು ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಅಚ್ಚು ಮಾಡುವವರು. ಟೂಲ್ ಅಂಡ್ ಡೈ ಅನ್ನುತ್ತಾರೆ. ಕೂದಲನ್ನು ಹತ್ತು ಸೀಳು ಮಾಡಿದರೆ ಅದರಲ್ಲಿ ಒಂದು ಸೀಳಿನಷ್ಟು ವ್ಯತ್ಯಾಸ ಬಂದರೂ ಅವರಿಗೆ ಊಟ ಸೇರುವುದಿಲ್ಲ. ನಮ್ಮ ಬಚ್ಚಲುಮನೆಯ ನಲ್ಲಿ ಎರಡು ವರ್ಷದಿಂದ ತೊಟ್ಟಿಕ್ಕುತ್ತಿದೆ. ಅದರಲ್ಲಿ ಅವರಿಗೆ ಯಾವ ವ್ಯತ್ಯಾಸವೂ ಕಂಡಿಲ್ಲ.

ಇಂಥವರನ್ನು ದೂರದ ಒಂದು ದೇಶವು 'ಅತಿ ಕುಶಲ ವೃತ್ತಿಪರರು' ಎಂದು ಕರೆಯುತ್ತದೆ, ಅರ್ಜಿ ಹಾಕಿದರೆ ಅಲ್ಲೇ ಕಾಯಂ ಆಗಿ ಇರಲು ಬಿಡುತ್ತದೆ ಎಂದು ಅವರ ಜೊತೆ ಕೆಲಸ ಮಾಡಿ ಅಲ್ಲಿಗೆ ಹೋದವರೊಬ್ಬರು ಹೇಳಿದರು. ದೇಶದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಚನ್ನಪಟ್ಟಣದ ತುಂಬ ಹೇಳಿಕೊಂಡು ಬಂದದ್ದೇ ಸಾಕಾಗಿದೆ. ಅಲ್ಲಿ ಚಳಿ ಹೆಚ್ಚು. ಸೂರ್ಯ ನಮಗಿಂತ ಏಳು ಗಂಟೆ ಮೊದಲೇ ಹುಟ್ಟುತ್ತಾನೆ.

"ಹಂಗಾರೆ ಅಲ್ಲಿ ದೇವ್ರಿಗೂ ಬಿರ್ರನೆ ಪೂಜೆ ಆಯ್ತದೆ. ಒಳ್ಳೇದೇ ಬುಡು" ಎಂದರು ಅತ್ತೆ. "ನಾನೂ ಬತ್ತೀನಿ. ಅಲ್ಲಿ ವೀಳ್ಯದೆಲೆ ಸಿಕ್ಕತದಾ ಒಸಿ ಕೇಳು, ಮಹೇಸ."

ಮಹೇಶ ಅಂದರೆ ನಮ್ಮ ಯಜಮಾನರು. ಅವರು ಎಲೆಯ ವಿಷಯ ಕೇಳಲಿಲ್ಲ. ಆದರೆ ಏಪ್ರಿಲ್ ತಿಂಗಳಲ್ಲೇ ಒಂದು ದಪ್ಪನೆಯ ಜರ್ಕಿನ್ ತಂದುಬಿಟ್ಟರು. ನಮ್ಮೂರಿನ ಬೇಸಿಗೆಯಲ್ಲಿ, ಫ್ಯಾನು ಜೋರಾಗಿ ತಿರುಗಿಸಿಕೊಂಡು, ಕುತ್ತಿಗೆಯವರೆಗೂ ಜಿಪ್ ಎಳೆದು ಕನ್ನಡಿಯ ಮುಂದೆ ನಿಂತು ನೋಡಿಕೊಳ್ಳುತ್ತಿದ್ದರು. ಬೆವರು ಒರೆಸಿಕೊಳ್ಳಲು ನಾನು ಟವೆಲ್ ಹಿಡಿದು ನಿಂತಿರುತ್ತಿದ್ದೆ. ಅಲ್ಲಿನ ಯಂತ್ರಗಳ ಫೋಟೋ ಅವರ ಮೊಬೈಲಿನಲ್ಲಿದ್ದವು. ನನ್ನ ಫೋಟೋಗಿಂತ ಹೆಚ್ಚಿದ್ದವು. ಹದಿನೆಂಟು ವರ್ಷ ಹಳೆಯ ಯಂತ್ರಗಳ ಜೊತೆ ಹೆಣಗಿದ ಮನುಷ್ಯ, ಒಂದು ಸಾರಿ ಒಳ್ಳೆಯ ಯಂತ್ರ ಮುಟ್ಟಬೇಕು ಎನ್ನುವುದು ತಪ್ಪೇನಲ್ಲ ಎಂದು ನನಗೂ ಅನ್ನಿಸುತ್ತಿತ್ತು.

ಆ ದೇಶದವರು ಮನುಷ್ಯನಿಗೆ ಅಂಕ ಕೊಡುತ್ತಾರೆ. ಓದಿಗೆ ಇಷ್ಟು, ಅನುಭವಕ್ಕೆ ಇಷ್ಟು, ವಯಸ್ಸಿಗೆ ಇಷ್ಟು. ಯಜಮಾನರಿಗೆ ಎಷ್ಟು ಬೇಕೋ ಅಷ್ಟೇ ಬರುತ್ತಿತ್ತು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಒಂದೇ ತೊಡಕು. ನಲವತ್ತು ತುಂಬಿದ ದಿನವೇ ವಯಸ್ಸಿನ ಲೆಕ್ಕದಲ್ಲಿ ಐದು ಅಂಕ ಇಳಿಯುತ್ತದೆ. ಶಾಲೆಯ ದಾಖಲೆಯ ಪ್ರಕಾರ ಅವರಿಗೆ ನಲವತ್ತು ತುಂಬುವುದು ಜೂನ್ ಒಂದು, ಸೋಮವಾರ. ಅಂದರೆ ಮೇ ಮೂವತ್ತೊಂದರ ಭಾನುವಾರದೊಳಗೆ ಅರ್ಜಿ ಹೋಗಲೇಬೇಕು.

ಭಾನುವಾರಕ್ಕೆ ಹತ್ತು ದಿನ ಇರುವಾಗಲೇ ಕಾಗದಗಳೆಲ್ಲ ಕೂಡಿದವು. ಡಿಪ್ಲೊಮಾ ಸರ್ಟಿಫಿಕೇಟು, ಅಂಕಪಟ್ಟಿಗಳು, ಪಾಸ್‌ಪೋರ್ಟು, ಅನುಭವದ ಪತ್ರಗಳು. ಅದರಲ್ಲೊಂದು ಪತ್ರಕ್ಕಾಗಿ ಬಹಳ ಅಲೆದಿದ್ದೆವು. ಯಜಮಾನರು ಮೊದಲು ಆರು ವರ್ಷ ಕೆಲಸ ಮಾಡಿದ ಸಣ್ಣ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅದರ ಮಾಲೀಕರು ಗಂಗಾಧರಯ್ಯನವರು ಮಾಗಡಿಯಲ್ಲಿ ಮನೆ ಮಾಡಿಕೊಂಡಿದ್ದರು. ಅವರ ಬಳಿ ಕಾರ್ಖಾನೆಯ ಹೆಸರಿದ್ದ ಲೆಟರ್‌ಹೆಡ್ ಎರಡೇ ಎರಡು ಉಳಿದಿದ್ದವು. ಒಂದರಲ್ಲಿ ಬರೆದು, ನೇರಳೆ ಶಾಯಿಯ ಸೀಲು ಒತ್ತಿ ಕೊಟ್ಟಿದ್ದರು.

ಗುರುವಾರ ಸಂಜೆ ಯಜಮಾನರು ಫೈಲನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು.

"ಜಯ, ಇದು ನಮ್ಮ ಜೀವ. ಶನಿವಾರ ಸ್ಕ್ಯಾನ್ ಮಾಡ್ಸೋದು. ಅಲ್ಲೀಗಂಟ ನಿನ್ನ ಜವಾಬ್ದಾರಿ."

"ನೀವು ನಿಶ್ಚಿಂತೆಯಿಂದ ಇರಿ" ಎಂದೆ.

ಶುಕ್ರವಾರ ಬೆಳಿಗ್ಗೆ ಅವರು ಫ್ಯಾಕ್ಟರಿ ಬಸ್ಸು ಹತ್ತಿದ ಮೇಲೆ ತಲೆಗೆ ಸ್ನಾನ ಮಾಡಿ, ಫೈಲನ್ನು ದೇವರ ಮುಂದಿಟ್ಟೆ. ಅತ್ತೆ ಬಾಗಿಲಲ್ಲಿ ಕೂತು ಹೂ ಕಟ್ಟುತ್ತಿದ್ದರು.

"ಅರಿಸ್ನ ಹಚ್ಚಿದ್ಯಾ?"

"ಇನ್ನೂ ಇಲ್ಲ ಅತ್ತೆ."

"ಅಯ್ಯೋ, ಬರೀ ಕಾಗ್ದ ಹಂಗೇ ಕಳುಸ್ತಾರೇನವ್ವ? ಸಾವಿನ ಓಲೆ ಅದಾ?"

ನನಗೂ ಹೌದೆನ್ನಿಸಿತು. ಮದುವೆ ಕಾಗದದ ನಾಲ್ಕು ಮೂಲೆಗೂ ಅರಿಶಿನ ಹಚ್ಚದೆ ನಾವು ಮೊದಲನೆಯದನ್ನು ಯಾರಿಗೂ ಕೊಡುವುದಿಲ್ಲ. ಮನೆ ಕರಾರಿಗೆ ಹಚ್ಚಿದ್ದೇವೆ. ಮಗಳ ಶಾಲೆಯ ಅಡ್ಮಿಷನ್ ಫಾರಮ್ಮಿಗೆ ಹಚ್ಚಿದ್ದೆ, ಸೀಟು ಸಿಕ್ಕಿತು. ಸ್ಕೂಟರಿಗೆ ಹಚ್ಚಿದ್ದೇವೆ, ಈವರೆಗೆ ಬಿದ್ದಿಲ್ಲ. ಹಾಗಿರುವಾಗ ಸಮುದ್ರ ದಾಟುವ ಕಾಗದವನ್ನು ಬೋಳಾಗಿ ಕಳಿಸುವುದೆ?

ಅರಿಶಿನ ಅಂಗಡಿಯದಲ್ಲ. ಕನಕಪುರದ ನನ್ನ ತವರಿನಿಂದ ಬಂದ, ಕೊಂಬು ಕುಟ್ಟಿ ಮಾಡಿದ ಪುಡಿ. ಬಣ್ಣ ಎಂದರೆ ಬಣ್ಣ. ಬಟ್ಟಲಿನಲ್ಲಿ ಗಟ್ಟಿಯಾಗಿ ಕಲೆಸಿ, ಒಂದೊಂದೇ ಕಾಗದ ತೆಗೆದು, ನಾಲ್ಕು ಮೂಲೆಗೂ ಹೆಬ್ಬೆರಳಿನಲ್ಲಿ ಇಟ್ಟೆ. ಸರ್ಟಿಫಿಕೇಟು ಆಯಿತು. ಅಂಕಪಟ್ಟಿ ಆಯಿತು. ಮಾಗಡಿಯ ಪತ್ರ ಆಯಿತು. ಪಾಸ್‌ಪೋರ್ಟಿನ ರಟ್ಟಿಗೆ ಹಚ್ಚಿ ಕೆಳಗಿಡುವವಳು, ಒಳಗೆ ಯಜಮಾನರ ಫೋಟೋ ಇರುವ ಹಾಳೆಯನ್ನು ಬಿಟ್ಟರೆ ದೇವರಿಗೆ ಯಾರ ಕೆಲಸ ಎಂದು ತಿಳಿಯುವುದು ಹೇಗೆ ಎಂದುಕೊಂಡು ಅದನ್ನೂ ತೆರೆದೆ.

ಆ ಕೆಲಸವನ್ನು ನಾನು ಬಹಳ ನಾಜೂಕಾಗಿ ಮಾಡಿದೆ. ಒಂದು ಮೂಲೆಯೂ ತಪ್ಪಲಿಲ್ಲ.

ಸಂಜೆ ಯಜಮಾನರು ಫೈಲು ತೆರೆದರು. ಮುಚ್ಚಿದರು. ಕೈಕಾಲು ತೊಳೆದುಕೊಂಡು ಬಂದು ಮತ್ತೆ ತೆರೆದರು. ಹಳದಿ ಅಲ್ಲೇ ಇತ್ತು.

"ಇದೇನಮ್ಮಿ?"

"ಅರಿಶಿನ."

"ಅದು ಗೊತ್ತಾಯ್ತದೆ. ಎಷ್ಟಕ್ಕೆ ಹಚ್ಚಿದೀಯ?"

"ಎಲ್ಲಕ್ಕೂ. ಒಂದಕ್ಕೆ ಹಚ್ಚಿ ಒಂದಕ್ಕೆ ಬಿಟ್ಟರೆ ಚೆನ್ನಾಗಿರುತ್ತಾ?"

ಅವರು ಫೈಲನ್ನು ಪಕ್ಕಕ್ಕಿಟ್ಟರು. ಬೆಂಗಳೂರಿನಲ್ಲಿ ಇಂಥ ಅರ್ಜಿಗಳನ್ನೇ ನೋಡಿಕೊಳ್ಳುವ ಒಬ್ಬ ಮೇಡಂಗೆ ಫೋನು ಮಾಡಿದರು. ಆಕೆಯ ದನಿ ನನಗೂ ಕೇಳಿಸುತ್ತಿತ್ತು. "ಸಾರ್, ಡಾಕ್ಯುಮೆಂಟ್ ಮೇಲೆ ಒಂದು ಚುಕ್ಕೆ ಇದ್ರೂ ಯಾರೋ ತಿದ್ದಿದ್ದಾರೆ ಅಂತ ಅನುಮಾನ ಪಡ್ತಾರೆ. ನಿಮ್ಮದರಲ್ಲಿ ಎಷ್ಟು ಚುಕ್ಕೆ ಇದೆ?"

ಯಜಮಾನರು ಲೆಕ್ಕದಲ್ಲಿ ಗಟ್ಟಿ. "ಐವತ್ತಾರು, ಮೇಡಂ" ಎಂದರು.

ಮಗಳು ಬೇಸಿಗೆ ರಜೆಗೆಂದು ಕನಕಪುರಕ್ಕೆ ಹೋಗಿದ್ದಳು. ಅದೊಂದು ಪುಣ್ಯ. ಇಲ್ಲದಿದ್ದರೆ ಸಾಕ್ಷಿ ಒಬ್ಬರು ಹೆಚ್ಚಾಗುತ್ತಿದ್ದರು.

ಮಾಡಿದವಳೇ ಸರಿಪಡಿಸಬೇಕು ಎಂಬ ಸಂಕಲ್ಪದಿಂದ ಶನಿವಾರ ಅವರು ಕೆಲಸಕ್ಕೆ ಹೋದ ಕೂಡಲೇ ಕೂತೆ. ಬಟ್ಟೆಗೆ ಅರಿಶಿನ ಬಿದ್ದರೆ ಏನು ಮಾಡುತ್ತೇವೆ? ಸೋಪು ಹಾಕುತ್ತೇವೆ. ಒದ್ದೆ ಬಟ್ಟೆಯ ತುದಿಗೆ ಒಗೆಯುವ ಸೋಪು ತಿಕ್ಕಿ, ಸರ್ಟಿಫಿಕೇಟಿನ ಮೂಲೆಯನ್ನು ಮೆಲ್ಲಗೆ ಒರೆಸಿದೆ.

ಮೂಲೆ ಕೆಂಪಾಯಿತು.

ಕಣ್ಣಿಗೆ ಹಾಗೆ ಕಂಡಿತೇನೋ ಎಂದು ಇನ್ನೊಂದು ಮೂಲೆ ಒರೆಸಿದೆ. ಅದೂ ಕೆಂಪಾಯಿತು. ಪಾಸ್‌ಪೋರ್ಟು ಗಟ್ಟಿ ಕಾಗದ, ಅದಕ್ಕೇನೂ ಆಗಲಾರದು ಎಂದು ಒರೆಸಿದೆ. ಯಜಮಾನರ ಫೋಟೋದ ಪಕ್ಕದಲ್ಲಿ ಅವರೇ ಎಲೆ ಅಡಿಕೆ ಹಾಕಿ ಉಗಿದಂತಾಯಿತು!

ಇಲ್ಲಿ ಒಂದು ವಿಷಯವನ್ನು ನಾನು ಒಪ್ಪಿಕೊಳ್ಳಲೇಬೇಕು. ಅರಿಶಿನಕ್ಕೆ ಸುಣ್ಣ ಕಲೆಸಿ ಕೆಂಪು ಆರತಿ ನೀರು ಮಾಡುವುದರಲ್ಲಿ ನಮ್ಮ ಬೀದಿಯಲ್ಲಿ ನನ್ನನ್ನು ಬಿಟ್ಟರೆ ಇಲ್ಲ. ಮದುವೆ, ಸೀಮಂತ, ಗೃಹಪ್ರವೇಶ ಯಾವುದಿದ್ದರೂ "ಜಯಮ್ಮನ್ನ ಕರೀರಿ" ಎನ್ನುತ್ತಾರೆ. ಕ್ಷಾರದ ವಸ್ತು ಸೋಕಿದರೆ ಅರಿಶಿನ ಕೆಂಪಾಗುತ್ತದೆ ಎಂದು ಇಪ್ಪತ್ತು ವರ್ಷದಿಂದ ನನ್ನ ಕೈಗೆ ಗೊತ್ತು. ಸುಣ್ಣ ಕ್ಷಾರ. ಸೋಪೂ ಕ್ಷಾರ. ಕೈಗೆ ಗೊತ್ತಿದ್ದದ್ದು ತಲೆಗೆ ಹತ್ತಲಿಲ್ಲ. ನಮ್ಮ ಯಜಮಾನರ ಹದಿನೆಂಟು ವರ್ಷದ ಅನುಭವಕ್ಕೆ ನಾನು ಮಂಗಳಾರತಿ ಎತ್ತಿದ್ದೆ.

ಪಕ್ಕದ ಮನೆಯ ಶಬಾನಾ ಅಕ್ಕನನ್ನು ಕೂಗಿದೆ. ಅವರ ಮನೆಯವರದು ರೇಷ್ಮೆ ನೂಲು ಬಿಚ್ಚಾಣಿಕೆ. ಬಣ್ಣ, ಕಲೆ ಎಲ್ಲ ಅವರಿಗೆ ತಿಳಿಯುತ್ತದೆ. ಗೋಡೆಯಾಚೆಯಿಂದ ಬಂದು ಕಾಗದಗಳನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ದುಃಖಕ್ಕೋ ನಗುವಿಗೋ ತಿಳಿಯಲಿಲ್ಲ.

"ಏನ್ ಜಯಮ್ಮ, ದೃಷ್ಟಿ ತೆಗೆದ್ರಾ ಇದಕ್ಕೆ?"

"ಅಕ್ಕ, ನಗಬೇಡಿ. ಏನಾದರೂ ಹೇಳಿ."

"ಬಿಸಿಲಿಗೆ ಹಾಕ್ರಿ. ಅರಿಶಿನಕ್ಕೆ ಬಿಸಿಲು ಕಂಡ್ರೆ ಆಗಲ್ಲ, ತಾನೇ ಹೋಗ್ತದೆ. ಬೇರೆ ಏನೂ ಮಾಡಕ್ ಹೋಗ್ಬೇಡಿ."

ಬಂಗಾರದಂಥ ಸಲಹೆ. ಅದರ ಮೊದಲ ಅರ್ಧವನ್ನಾದರೂ ಕೂಡಲೇ ಪಾಲಿಸಬಹುದಿತ್ತು. ಆದರೆ ಅಕ್ಕ ಆ ಕಡೆ ಹೋದ ಮೇಲೆ, ಇಷ್ಟು ಕೆಂಪನ್ನು ಬಿಸಿಲಿಗೆ ಒಪ್ಪಿಸುವ ಮೊದಲು ಒಂದಿಷ್ಟು ತಗ್ಗಿಸೋಣ ಎನ್ನಿಸಿತು. ಕ್ಷಾರಕ್ಕೆ ಹುಳಿ ಎದುರಲ್ಲವೆ? ನಿಂಬೆಹಣ್ಣು ಹಿಂಡಿದೆ. ದೇವರ ದಯೆ, ಕೆಂಪು ಹೋಯಿತು! ಮೊದಲಿನ ಹಳದಿ ಬಂದು ಕೂತಿತು. ಅರ್ಧ ದಿನ ದುಡಿದು ಹೊರಟ ಜಾಗಕ್ಕೇ ಬಂದಿದ್ದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನಷ್ಟವಿರಲಿಲ್ಲ. ಮಾಗಡಿಯ ಪತ್ರದ ಕೆಳಗಿನ ಮೂಲೆಯಲ್ಲೇ ಸೀಲು ಇತ್ತು. ನಿಂಬೆ ರಸ ಸೋಕಿದ್ದೇ ತಡ, ಆ ನೇರಳೆ ಶಾಯಿ ಅರಳುವುದಕ್ಕೆ ಶುರುವಾಯಿತು. ನೋಡುತ್ತಿದ್ದಂತೆ ಕಾರ್ಖಾನೆಯ ಹೆಸರು, ಊರು, ಗಂಗಾಧರಯ್ಯನವರ ಸಹಿ, ಎಲ್ಲವೂ ಸೇರಿ ಒಂದು ದೊಡ್ಡ ಶಂಖಪುಷ್ಪ ಆಯಿತು.

ಹೂವಿನ ಮಟ್ಟಿಗೆ ಹೇಳುವುದಾದರೆ ಬಹಳ ಲಕ್ಷಣವಾಗಿತ್ತು.

ಉಳಿದವನ್ನು ಮಹಡಿಯ ಮೇಲೆ ಹರಡಿ, ನಮ್ಮ ಮಾವನವರು ತಮ್ಮ ಕಾಲದಲ್ಲಿ ಕಡೆದಿದ್ದ ಮರದ ಬೊಂಬೆಗಳನ್ನು ಹಾರದಂತೆ ಮೇಲೆ ಹೇರಿದೆ. ರಾಜ, ರಾಣಿ, ಆನೆ, ಬುಗುರಿ. ನಾಲ್ಕು ದಿನ ಅತ್ತೆ ಕೊಡೆ ಹಿಡಿದು ಕೂತು ಕಾದರು. ದಾರಿಯಲ್ಲಿ ಹೋಗುವವರು "ಏನಮ್ಮೋ, ಬೊಂಬೆ ಒಣಗಾಕಿದೀಯ?" ಎಂದು ಕೇಳಿದರೆ, "ಇಲ್ಲ ಕಣಪ್ಪ, ನಮ್ಮ ಮಹೇಸುನ್ನ ಒಣಗಾಕಿದೀನಿ" ಎನ್ನುತ್ತಿದ್ದರು. ಅಕ್ಕನ ಮಾತು ಸುಳ್ಳಾಗಲಿಲ್ಲ. ಬುಧವಾರದ ಹೊತ್ತಿಗೆ ಸರ್ಟಿಫಿಕೇಟು, ಅಂಕಪಟ್ಟಿಗಳು ಬಹುಪಾಲು ಬೆಳ್ಳಗಾದವು. ಪಾಸ್‌ಪೋರ್ಟಿನಲ್ಲಿ ಮಾತ್ರ ಫೋಟೋದ ಪಕ್ಕದ ಗುರುತು ಉಳಿಯಿತು. ಮೇಡಂ ಯೋಚಿಸಿ, "ಆ ಕಲೆ ಹೇಗಾಯ್ತು ಅಂತ ಒಂದು ಅಫಿಡವಿಟ್ ಮಾಡಿಸಿ ಜೊತೆಗಿಡಿ. ಆ ಸೀಲಿರೋ ಲೆಟರ್ ಮಾತ್ರ ಹೊಸದೇ ಬೇಕು" ಎಂದರು.

ಗುರುವಾರ ರಜೆ ಹಾಕಿ ಯಜಮಾನರು, ನಾನು ರಾಮನಗರಕ್ಕೆ ಹೋಗಿ ಅಲ್ಲಿಂದ ಮಾಗಡಿ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಮಾತು. "ಇನ್ನೊಂದೇ ಲೆಟರ್‌ಹೆಡ್ ಇರೋದು."

ಗಂಗಾಧರಯ್ಯನವರು ಸಂತೋಷದಿಂದಲೇ ಬರಮಾಡಿಕೊಂಡರು. "ಹಿಂದಿಂದು ಏನಾಯ್ತಪ್ಪ?" ಎಂದು ಕೇಳಿದರು. "ಒದ್ದೆ ಆಯ್ತು ಸಾರ್" ಎಂದರು ಯಜಮಾನರು. ನನ್ನ ಹೆಸರು ಹೇಳಲಿಲ್ಲ. ಅದೊಂದು ಪುಣ್ಯ.

ಹಿರಿಯರು ಕನ್ನಡಕ ಹಾಕಿಕೊಂಡು, ಕೊನೆಯ ಲೆಟರ್‌ಹೆಡ್ಡನ್ನು ಮೇಜಿನ ಮೇಲಿಟ್ಟು, ದುಂಡಗೆ ಬರೆದು, ಸಹಿ ಹಾಕಿ, ಸೀಲು ಒತ್ತಿದರು. ಅದು ಆರಲೆಂದು ಬಿಟ್ಟು ಕಾಫಿ ಕುಡಿಯುತ್ತಿದ್ದೆವು. ಆಗ ಒಳಗಿನಿಂದ ಅವರ ಮನೆಯವರು ಪುಟ್ಟತಾಯಮ್ಮನವರು ತಟ್ಟೆ ಹಿಡಿದು ಬಂದರು. ನನಗೆ ಕುಂಕುಮ ಕೊಡಲಿಕ್ಕೆಂದುಕೊಂಡು ನಾನು ಸೆರಗು ಸರಿಮಾಡಿಕೊಂಡೆ. ಅವರು ನನ್ನನ್ನು ದಾಟಿ ಸೀದಾ ಮೇಜಿನ ಕಡೆ ನಡೆದರು.

"ಪರದೇಸಕ್ಕೆ ಹೋಗೋ ಕಾಗ್ದ. ಹಿಂದಿನ್ ಸಲ ಹಂಗೇ ಕೊಟ್ಬುಟ್ರು ನಮ್ಮ ಯಜಮಾನ್ರು, ಅದುಕ್ಕೇ ಒದ್ದೆ ಆಗೈತೆ. ಒಸಿ ಅರಿಸ್ನ ಹಚ್ಚೇ ಕೊಡ್ತೀನಿ, ಇರವ್ವ."

ತಟ್ಟೆಯಲ್ಲಿ ಗಟ್ಟಿಯಾಗಿ ಕಲೆಸಿದ ಅರಿಶಿನವಿತ್ತು. ಅವರ ಹೆಬ್ಬೆರಳು ಅದರಲ್ಲಿ ಅದ್ದಿ ಮೇಲೆದ್ದಿತು. ಯಜಮಾನರ ಕೈಯ ಲೋಟ ಬಾಯಿಗೂ ಸಾಸರಿಗೂ ನಡುವೆ ನಿಂತಿತು. ಎಪ್ಪತ್ತು ದಾಟಿದ ಮುತ್ತೈದೆಗೆ ಅರಿಶಿನ ಬೇಡ ಎನ್ನುವ ನಾಲಗೆ ನನಗೆ ದೇವರು ಕೊಟ್ಟಿಲ್ಲ. ಬೆರಳು ಕಾಗದದಿಂದ ಒಂದು ಗೇಣು ದೂರ ಇರುವಾಗ ನಾನು ಎದ್ದು, ಮೇಜಿನ ಮೇಲೆ ಬಾಗಿ, ನಡುವೆ ನನ್ನ ಮುಖ ಇಟ್ಟೆ.

"ಮೊದಲು ನನಗೆ ಹಚ್ಚಿ ಅಮ್ಮ!"

ಅವರು ಹಚ್ಚಿದರು. ಒಂದು ಕೆನ್ನೆಗೆ ಹಚ್ಚಿದರು. ನಾನು ಇನ್ನೊಂದು ಕೆನ್ನೆ ಕೊಟ್ಟೆ. ಅದಕ್ಕೂ ಹಚ್ಚಿದರು. ಹಣೆ ಕೊಟ್ಟೆ. ಗಲ್ಲ ಕೊಟ್ಟೆ. ನನ್ನ ಮುಖದ ನಾಲ್ಕು ಮೂಲೆಯೂ ಮುಗಿಯುವಷ್ಟರಲ್ಲಿ ಯಜಮಾನರು ಪತ್ರ ಎತ್ತಿಕೊಂಡು ಬೀದಿಗೆ ತಲುಪಿದ್ದರು. ಚಪ್ಪಲಿ ಅಲ್ಲೇ ಬಿಟ್ಟಿದ್ದರು. ಅದನ್ನು ನಾನು ಕೈಯಲ್ಲಿ ಹಿಡಿದುಕೊಂಡು ಹೋದೆ.

"ಎಷ್ಟು ಭಕ್ತಿ ಆ ಮಗೀಗೆ!" ಎಂದು ಪುಟ್ಟತಾಯಮ್ಮನವರು ಒಳಗೆ ಹೇಳುತ್ತಿದ್ದದ್ದು ಕೇಳಿಸಿತು.

ಬಸ್ಸಿನಲ್ಲಿ ಯಜಮಾನರು ನನ್ನ ಹಳದಿ ಮುಖ ನೋಡಿ, ಒಂದು ವಾರದಲ್ಲಿ ಮೊದಲ ಬಾರಿಗೆ ನಕ್ಕರು. "ನಿನ್ನನ್ನೇ ಸ್ಕ್ಯಾನ್ ಮಾಡಿ ಕಳಿಸ್ಬುಡ್ಲಾ?" ಎಂದರು. ಹುಷಾರಾದರು ಎಂದು ನನಗೆ ಸಮಾಧಾನವಾಯಿತು.

ಶನಿವಾರ ರಾಮನಗರದಲ್ಲಿ ನೋಟರಿಯ ಮುಂದೆ ಕೂತೆವು. ಅವರ ಟೈಪ್‌ರೈಟರಿನ ನೆತ್ತಿಗೂ, ಸ್ಟ್ಯಾಪ್ಲರಿಗೂ ಹಿಂದಿನ ಆಯುಧಪೂಜೆಯ ಅರಿಶಿನ ಕುಂಕುಮ ಹಾಗೇ ಇತ್ತು. ಆದರೂ ನಮ್ಮ ಪಾಸ್‌ಪೋರ್ಟು ನೋಡಿ "ಛೆ ಛೆ" ಎಂದರು. ಇಂಗ್ಲಿಷಿನಲ್ಲಿ ಟೈಪು ಮಾಡಿ, ನನಗೆ ತಿಳಿಯಲೆಂದು ಕನ್ನಡದಲ್ಲಿ ಓದಿ ಹೇಳಿದರು.

"ಮಹೇಶ ಎಂಬುವರ ಧರ್ಮಪತ್ನಿಯಾದ ಜಯಲಕ್ಷ್ಮಿ ಆದ ನಾನು ಪ್ರಮಾಣೀಕರಿಸುವುದೇನೆಂದರೆ, ಸದರಿ ಪತಿಯ ಸದರಿ ಪಾಸ್‌ಪೋರ್ಟಿಗೆ ಯಾರ ಒತ್ತಾಯಕ್ಕಾಗಲಿ ಆಮಿಷಕ್ಕಾಗಲಿ ಒಳಗಾಗದೆ, ಸ್ವಸ್ಥ ಮನಸ್ಸಿನಿಂದ, ನನ್ನ ಸ್ವಂತ ಹೆಬ್ಬೆರಳಿನಿಂದ ಅರಿಶಿನವನ್ನು ಲೇಪಿಸಿರುತ್ತೇನೆ. ತದನಂತರ ಸದರಿ ಅರಿಶಿನಕ್ಕೆ ಸೋಪನ್ನೂ, ಸದರಿ ಸೋಪಿಗೆ ನಿಂಬೆಹಣ್ಣನ್ನೂ ಪ್ರಯೋಗಿಸಿರುತ್ತೇನೆ..."

"ಸಾರ್," ಎಂದರು ಯಜಮಾನರು, "ಆ 'ಸ್ವಸ್ಥ ಮನಸ್ಸಿನಿಂದ' ಅನ್ನೋದು ಬೇಕಾ?"

"ಅದು ಎಲ್ಲಾದ್ರಲ್ಲೂ ಇರ್ತದೆ ಸ್ವಾಮಿ. ಅರ್ಥ ಹುಡುಕ್ಬಾರ್ದು" ಎಂದರು ನೋಟರಿ.

ನಾನು ಸಹಿ ಹಾಕಿದೆ. ಪರದೇಶದ ಸರ್ಕಾರಕ್ಕೆ ನನ್ನ ಬಗ್ಗೆ ಗೊತ್ತಿರುವುದು ಇವತ್ತಿಗೂ ಅದೊಂದೇ.

ಕೊನೆಗೂ ಭಾನುವಾರ ಬಂತು. ಮೇ ಮೂವತ್ತೊಂದು. ಚನ್ನಪಟ್ಟಣದ ಹೆದ್ದಾರಿ ಪಕ್ಕದ ನಾಗರಾಜು ಎಂಬುವರ ಜೆರಾಕ್ಸ್ ಅಂಗಡಿಯನ್ನು ನಮಗೋಸ್ಕರ ತೆರೆಸಿದೆವು. ಊಟ ಮಾಡಿಕೊಂಡು ಹೋದವರು ಒಂದೊಂದೇ ಕಾಗದವನ್ನು ಸ್ಕ್ಯಾನ್ ಮಾಡಿಸಿ, ಆ ದೇಶದ ವೆಬ್‌ಸೈಟಿಗೆ ಏರಿಸಿ, ಹೆಸರು ತಾಳೆ ನೋಡಿ ಮುಗಿಸಿದೆವು. ನಾನು ಯಾವುದನ್ನೂ ಮುಟ್ಟಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ.

"ಮುಗೀತಕ್ಕ. ಇನ್ನು ಒಂದೇ ಬಟನ್ನು" ಎಂದರು ನಾಗರಾಜು. "ಸಾರ್, ನೀವೇ ಒತ್ತಿ."

ಯಜಮಾನರು ಕೈ ಒರೆಸಿಕೊಂಡು ಮುಂದೆ ಬಾಗಿದರು. ನಾನು ಕೈ ಮುಗಿದು ತಲೆ ಎತ್ತಿದೆ. ಎದುರಿನ ಗೋಡೆಯ ಮೇಲೆ ಕ್ಯಾಲೆಂಡರಿತ್ತು. ಕ್ಯಾಲೆಂಡರಿನಲ್ಲಿ ರಾಹುಕಾಲದ ಪಟ್ಟಿಯಿತ್ತು. ಭಾನುವಾರ, ನಾಲ್ಕೂವರೆಯಿಂದ ಆರು. ಅದರ ಮೇಲೆ ಗಡಿಯಾರ. ನಾಲ್ಕೂವರೆ ದಾಟಿ ಒಂದು ನಿಮಿಷ.

"ರೀ, ಬೇಡ!"

"ಏನೀಗ?"

"ರಾಹುಕಾಲ ಶುರುವಾಯಿತು."

"ಅಮ್ಮಿ, ಇವತ್ತೇ ಕಡೇ ದಿನ."

"ಗೊತ್ತು. ಇವತ್ತು ಅಂದರೆ ಹನ್ನೆರಡು ಗಂಟೆಯವರೆಗೂ ಇವತ್ತೇ ತಾನೇ? ಇಷ್ಟೆಲ್ಲ ಆಗಿದೆ. ಇನ್ನು ಒಂದೂವರೆ ಗಂಟೆಗೆ ಏನು ಮಹಾ? ಆರಕ್ಕೆ ಒತ್ತಿ. ನನ್ನ ಸಮಾಧಾನಕ್ಕೆ."

ಅವರು ಗಡಿಯಾರ ನೋಡಿದರು. ನನ್ನ ಮುಖ ನೋಡಿದರು. ಕೆನ್ನೆಯ ಅರಿಶಿನ ಇನ್ನೂ ಪೂರ್ತಿ ಹೋಗಿರಲಿಲ್ಲ. ಮಾಗಡಿಯ ಮೇಜು ನೆನಪಾಯಿತೇನೋ. ಕೂದಲಿನ ಹತ್ತನೇ ಒಂದು ಭಾಗವನ್ನು ಅಳೆಯುವ ಮನುಷ್ಯ, "ಅದೂ ಸರಿ" ಎಂದುಬಿಟ್ಟರು.

ಟೀ ತರಿಸಿ ಕುಡಿದೆವು. ನಾಗರಾಜು ತಮ್ಮ ಊರು ದೊಡ್ಡಮಳೂರಿನ ಸುದ್ದಿ ಹೇಳಿದರು. ಹಿತವಾಗಿತ್ತು. ಆರು ಗಂಟೆ ಒಂದು ನಿಮಿಷಕ್ಕೆ ಆ ಊರಿನ ಅಪ್ರಮೇಯ ಸ್ವಾಮಿಯನ್ನು ನೆನೆದು, "ಈಗ ಒತ್ತಿ" ಎಂದೆ. ಒತ್ತಿದರು.

ಪರದೆ ಸ್ವಲ್ಪ ಹೊತ್ತು ತಿರುಗಿತು. ಆಮೇಲೆ ಎರಡು ಸಾಲು ಬಂದವು. ನಾಗರಾಜು ಓದಿದರು.

"ವಯಸ್ಸು ನಲವತ್ತು. ಐದು ಅಂಕ ಕಡಿಮೆ."

"ನಲವತ್ತೆಲ್ಲಿ? ನಾಳೆ ಅಲ್ವಾ?" ಎಂದೆ.

ಸೂರ್ಯ ಅಲ್ಲಿ ಏಳು ಗಂಟೆ ಮೊದಲು ಹುಟ್ಟುತ್ತಾನೆ ಎನ್ನುವುದು ಮೂವರಿಗೂ ಒಟ್ಟಿಗೆ ಹೊಳೆಯಿತು. ಇಲ್ಲಿ ನಾವು ರಾಹುವನ್ನು ತಪ್ಪಿಸಿಕೊಂಡು ಟೀ ಕುಡಿಯುತ್ತಿದ್ದಾಗ, ಐದು ಗಂಟೆಗೆ ಸರಿಯಾಗಿ ಅಲ್ಲಿ ತಾರೀಕು ತಿರುಗಿ ಸೋಮವಾರವಾಗಿತ್ತು. ಆ ದೇಶದಲ್ಲಿ ನಮ್ಮ ಯಜಮಾನರಿಗೆ ನಲವತ್ತು ತುಂಬಿ ಒಂದು ಗಂಟೆ ಒಂದು ನಿಮಿಷವಾಗಿತ್ತು. ನಾಲ್ಕು ಮೂವತ್ತೊಂದಕ್ಕೆ ಒತ್ತಿದ್ದರೆ ಮೂವತ್ತೊಂಬತ್ತೇ.

ನಾಗರಾಜು ಒಳ್ಳೆಯವರು. ಸುಮ್ಮನಿರುವುದು ಸರಿಯಲ್ಲ ಎಂದುಕೊಂಡು ಕೈ ಚಾಚಿದರು.

"ಹ್ಯಾಪಿ ಬರ್ತ್‌ಡೇ, ಸಾರ್."

ಮನೆಗೆ ಬಂದು ಹೇಳಿದಾಗ ಅತ್ತೆ ಎಲೆಗೆ ಸುಣ್ಣ ಸವರುತ್ತಿದ್ದವರು ಕೈ ನಿಲ್ಲಿಸಿದರು.

"ನಲವತ್ತು ಎಲ್ಲಾಯ್ತು? ಅವ್ನು ಹುಟ್ಟಿದ್ದು ಗೌರಿ ಹಬ್ಬದ ಹಿಂದ್ಲ ದಿನ ಅಲ್ವಾ? ಇಸ್ಕೂಲಿಗೆ ಸೇರ್ಸುವಾಗ ಮೇಷ್ಟ್ರು ಜೂನ್ ಒಂದು ಅಂತ ಬರ್ಕೊಂಡ್ರು. ಅವೊತ್ತು ಬಂದಿದ್ದ ಐಕ್ಳಿಗೆಲ್ಲಾ ಅದೇಯ!"

ಹೀಗೆ ತಮ್ಮದಲ್ಲದ ಹುಟ್ಟುಹಬ್ಬದಿಂದ ಯಜಮಾನರು ಐದು ಅಂಕ ಕಳೆದುಕೊಂಡರು. ಅವರು ನನ್ನನ್ನು ಬಯ್ಯಲಿಲ್ಲ. ಜರ್ಕಿನ್ನನ್ನು ಮಡಿಸಿ, ಹಾಳೆಯಲ್ಲಿ ಸುತ್ತಿ, ಅಟ್ಟದ ಮೇಲಿಟ್ಟರು. ಮೊಬೈಲು ತೆಗೆದು ಆ ಯಂತ್ರಗಳ ಫೋಟೋ ಒಂದೊಂದಾಗಿ ನೋಡಿದರು. ಅಳಿಸಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಮರುದಿನ ಪಾಯಸ ಮಾಡಿ ಬಡಿಸಿದೆ. ಎರಡು ಸಲ ಹಾಕಿಸಿಕೊಂಡರು. ಅಂದು ದೇವರ ಮುಂದೆ ಕೂತವಳು ಏನೂ ಕೇಳಿಕೊಳ್ಳಲಿಲ್ಲ. ಸುಮ್ಮನೆ ದೀಪದ ಬತ್ತಿ ಸರಿಮಾಡಿ ಎದ್ದೆ.

ವಾರದ ಮೇಲೆ ಬೆಂಗಳೂರಿನ ಮೇಡಂ ಫೋನು ಮಾಡಿದರು. ದಾರಿ ಪೂರ್ತಿ ಮುಚ್ಚಿಲ್ಲವಂತೆ. ನಲವತ್ತು ದಾಟಿದವರೂ ಅರ್ಜಿ ಹಾಕಬಹುದು, ಐದು ಅಂಕ ಬೇರೆ ಕಡೆಯಿಂದ ತಂದುಕೊಂಡರೆ ಆಯಿತು. ಹೆಂಡತಿ ಇಂಗ್ಲಿಷ್ ಪರೀಕ್ಷೆಯಲ್ಲಿ ಪಾಸಾದರೆ ಸರಿಯಾಗಿ ಐದು ಅಂಕ.

ಯಜಮಾನರು ಫೋನು ಕೆಳಗಿಟ್ಟು ನನ್ನನ್ನೇ ಬಹಳ ಹೊತ್ತು ನೋಡಿದರು. ಹಳೆಯ ಯಂತ್ರವನ್ನು ನೋಡುವ ನೋಟ ಅದು. ಬೇರೆ ಇಲ್ಲ, ಇದರಲ್ಲೇ ಕೆಲಸ ತೆಗೆಯಬೇಕು ಎನ್ನುವಂಥದ್ದು.

ಬಿ.ಎ. ಮುಗಿಸಿ ಹದಿನೈದು ವರ್ಷದ ಮೇಲೆ ನಾನು ಓದಲು ಕೂತೆ. ಮಳೆಗಾಲವೆಲ್ಲ ಓದಿದೆ. ಮಗಳು ಪಾಠ ಹೇಳಿಕೊಟ್ಟಳು. ಒಗ್ಗರಣೆ ಹಾಕುತ್ತ ಇಂಗ್ಲಿಷಿನಲ್ಲಿ ಮಾತಾಡಿಕೊಂಡೆ. ಶಬಾನಾ ಅಕ್ಕ ಗೋಡೆಯಾಚೆಯಿಂದ "ಯೆಸ್ ಯೆಸ್" ಎಂದು ಧೈರ್ಯ ಹೇಳಿದರು. ಪರೀಕ್ಷೆ ನಾಡಿದ್ದು ಇದೆ. ಬೆಳಿಗ್ಗೆ ಬೆಂಗಳೂರಿಗೆ ರೈಲು. ಪರೀಕ್ಷೆಗೆ ಪೆನ್ನು ಸಹ ಬೇಡವಂತೆ. ನನ್ನ ಪಾಸ್‌ಪೋರ್ಟು ಒಂದಿದ್ದರೆ ಸಾಕು, ಅದಿಲ್ಲದೆ ಬಾಗಿಲ ಒಳಗೂ ಬಿಡುವುದಿಲ್ಲ.

ಅದಕ್ಕೇ ಯಜಮಾನರು ಮುಂಜಾಗ್ರತೆ ವಹಿಸಿದರು. ನನ್ನ ಪಾಸ್‌ಪೋರ್ಟನ್ನು ತಿಂಗಳ ಹಿಂದೆಯೇ ಹಾರೋಹಳ್ಳಿಗೆ ಒಯ್ದು, ಕಾರ್ಖಾನೆಯಲ್ಲಿ ತಮ್ಮ ಲಾಕರಿನಲ್ಲಿಟ್ಟು, ಬೀಗ ಹಾಕಿ, ಬೀಗದ ಕೈಯನ್ನು ತಮ್ಮ ಉಡಿದಾರಕ್ಕೆ ಕಟ್ಟಿಕೊಂಡರು. ಕಾಗದಪತ್ರದ ಖಾತೆ ನನ್ನ ಕೈತಪ್ಪಿ ಹೋಯಿತು. ನಾನು ಬೇಸರ ಮಾಡಿಕೊಳ್ಳಲಿಲ್ಲ. ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಿದ್ದರು.

ಇವತ್ತು ಬೆಳಿಗ್ಗೆ ಅವರು ಸ್ನಾನಕ್ಕೆ ಹೋಗುವಾಗ ಬೀಗದ ಕೈಯನ್ನು ಬಿಚ್ಚಿ ಕಿಟಕಿಯ ಮೇಲಿಟ್ಟಿದ್ದರು. ಸಂಜೆ ಪಾಸ್‌ಪೋರ್ಟು ತರುವ ದಿನ. ಶುಕ್ರವಾರ ಬೇರೆ. ಕಾಗದ ಮುಟ್ಟಬಾರದು ಎಂದು ನನಗೆ ಆಣೆ ಹಾಕಿಸಿದ್ದರು. ಆಣೆಯಲ್ಲಿ ಕಬ್ಬಿಣದ ಮಾತು ಬಂದಿರಲಿಲ್ಲ. ಸುಮ್ಮನೆ ಒಂದು ಚೂರು, ಬೀಗದ ಕೈಯ ಹಲ್ಲಿಗೆ, ಯಾರಿಗೂ ಕಾಣದ ಹಾಗೆ ಇಟ್ಟೆ. ಅರಿಶಿನ ಇವತ್ತು ಸ್ವಲ್ಪ ಗಟ್ಟಿಯಾಗಿ ಕಲೆಸಿದ್ದೆ.

ಈಗ ತಾನೇ ಹಾರೋಹಳ್ಳಿಯಿಂದ ಫೋನು ಬಂತು.

"ಜಯ, ಬೀಗದ ಕೈ ಒಳಗೆ ಹೋಯ್ತು. ತಿರುಗ್ತಾ ಇಲ್ಲ. ಈಚೆಗೂ ಬತ್ತಾ ಇಲ್ಲ." ಕೈ ಒರೆಸಿಕೊಂಡ ಸದ್ದು. "ಬೆರಳೆಲ್ಲ ಯಾಕಮ್ಮಿ ಹಳದಿ ಆಗೈತೆ?"

ನಾನು ಉತ್ತರ ಕೊಡುವ ಮೊದಲೇ ಹಿಂದಿನಿಂದ ಅರ ಹಾಕಿ ಉಜ್ಜುವ ಸದ್ದು ಕೇಳಿಸತೊಡಗಿತು. ಆ ಬೀಗವನ್ನು ಬಿಚ್ಚಲು ಸಾಮಾನ್ಯದವರಿಂದ ಆಗುವ ಹಾಗೆ ಕಾಣುವುದಿಲ್ಲ.

ಪುಣ್ಯಕ್ಕೆ ನಮ್ಮ ಯಜಮಾನರು ಅತಿ ಕುಶಲ ವೃತ್ತಿಪರರು.